ಮಳೆಗಾಲದಲ್ಲಿ ಬೆವರುವ ಗುಲಾಬಿ

ಕಳೆದ ಆಷಾಢದ ಒಂದು ಬೆಳಿಗ್ಗೆ ಅತ್ತಿಗೆ ಜಗಲಿಯಿಂದ ಕೂಗಿದರು: 'ಮಾಡು ಸೋರ್ತಿದೆ ಮಾರಾಯ್ತಿ, ಮೇಜಿನ ಮೇಲೆ ನೋಡು!' ಹೋಗಿ ನೋಡಿದರೆ ಬಿಳಿ ಕ್ರೋಶಾ ಬಟ್ಟೆಯ ಮೇಲೆ ರೂಪಾಯಿ ಅಗಲದ ಗುಲಾಬಿ ಬಣ್ಣದ ಕಲೆ. ಮುಟ್ಟಿದರೆ ಅಂಟಂಟು. ತಲೆ ಎತ್ತಿದರೆ ಹೆಂಚು, ಪಕಾಸು ಎಲ್ಲ ಒಣಗಿಯೇ ಇವೆ. ಸೋರಿದ್ದು ಮಾಡು ಅಲ್ಲ, ಬುಟ್ಟಿಯಲ್ಲಿದ್ದ ಗುಲಾಬಿ ಹೂ! 'ನೀರು ಹಾಕೋದೇ ಬೇಡಮ್ಮಾ, ಎರಡು ವರ್ಷ ಹೀಗೇ ಇರತ್ತೆ' ಎಂದು ಮಗಳು ಬೆಂಗಳೂರಿನಿಂದ ತಂದುಕೊಟ್ಟಿದ್ದ ಹೂ ಅದು.

ಅದರ ಜೊತೆ ಬಂದಿದ್ದ ಚೀಟಿಯಲ್ಲಿ 'ತಂಪಾದ, ಗಾಳಿಯಾಡುವ ಜಾಗದಲ್ಲಿಡಿ' ಎಂದಿತ್ತು. ಬಳ್ಳಾರಿಯಲ್ಲಾದರೆ ಸರಿ. ತೀರ್ಥಹಳ್ಳಿ ಕಡೆ ಆರಿದ್ರಾ ಮಳೆ ಹಿಡಿದ ಮೇಲೆ ಗಾಳಿಯೇ ಅರ್ಧ ನೀರು. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ಅದರ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಮಲೆನಾಡಿನಲ್ಲಿ ಹೀಗೆ ಬಾಡದಂತೆ ಒಣಗಿಸಿಟ್ಟ ಹೂಗಳನ್ನು ನೋಡಿಕೊಳ್ಳುವ ಕ್ರಮವೇ ಬೇರೆ.

ಮೊದಲು ನಿಮ್ಮ ಹತ್ತಿರ ಇರುವುದು ಯಾವ ಬಗೆಯ ಹೂ ಎಂದು ನೋಡಿ. ಒಂದು ಎಸಳನ್ನು ಮೆಲ್ಲಗೆ ಮುಟ್ಟಿ. ಹಪ್ಪಳದ ಹಾಗೆ ಗರಿಗರಿ ಇದ್ದರೆ ಅದು ಸುಮ್ನೆ ಒಣಗಿಸಿದ ಹೂ. ಈಗ ತಾನೇ ಕಿತ್ತ ಹೂವಿನಂತೆ ಮೆತ್ತಗಿದ್ದರೆ ಅದು 'ಪ್ರಿಸರ್ವ್ಡ್' ಹೂ. ಚೆನ್ನಾಗಿ ಅರಳಿದ ಹೊತ್ತಿಗೆ ಕಿತ್ತು, ಒಳಗಿನ ನೀರಿನಂಶ ತೆಗೆದು, ಆ ಜಾಗಕ್ಕೆ ಗ್ಲಿಸರಿನ್ ಮತ್ತು ಬಣ್ಣ ತುಂಬಿರುತ್ತಾರೆ. ಗ್ಲಿಸರಿನ್‌ಗೆ ಗಾಳಿಯ ತೇವ ಹೀರುವ ಗುಣವಿದೆ. ಎಸಳು ಮೆತ್ತಗೆ ಉಳಿಯುವುದೂ ಅದರಿಂದಲೇ, ಮಳೆಗಾಲದಲ್ಲಿ ಬೆವರುವುದೂ ಅದರಿಂದಲೇ. ಹೀರಿದ್ದು ಹೆಚ್ಚಾದಾಗ ಎಸಳು ಎಣ್ಣೆ ಕಾಗದದ ಹಾಗೆ ಪಾರದರ್ಶಕವಾಗುತ್ತದೆ, ಆಮೇಲೆ ಬಣ್ಣದ ಸಮೇತ ತೊಟ್ಟಿಕ್ಕುತ್ತದೆ. ಬರೀ ಒಣಗಿಸಿದ ಹೂ ಬೆವರುವುದಿಲ್ಲ, ಆದರೆ ಬೂಸ್ಟು ಹಿಡಿಯುತ್ತದೆ. ಎರಡಕ್ಕೂ ಶತ್ರು ಒಬ್ಬನೇ.

ಆ ಶತ್ರು ಮನೆಯೊಳಗೆ ಬಂದದ್ದು ತಿಳಿಯಲು ಯಂತ್ರ ಬೇಕಿಲ್ಲ. ಅಡುಗೆಮನೆಯ ಉಪ್ಪಿನ ಜಾಡಿ ನೋಡಿ. ಗಾಳಿಯ ತೇವ ಶೇ 75ರ ಆಸುಪಾಸು ಬಂದರೆ ಉಪ್ಪು ನೀರೊಡೆಯುತ್ತದೆ. ಕಲ್ಲುಪ್ಪು ಇನ್ನೂ ಸ್ವಲ್ಪ ಮೊದಲೇ. ಹೂವಿಗೆ ಹಿತವಾದದ್ದು ಶೇ 40ರಿಂದ 60. ಅಂದರೆ ಉಪ್ಪು ಒದ್ದೆಯಾಗುವ ಹೊತ್ತಿಗೆ ಹೂ ಆಗಲೇ ಕಷ್ಟದಲ್ಲಿದೆ. ನಾನಂತೂ ಮೃಗಶಿರ ಮಳೆ ಶುರುವಾಗುವ ಜೂನ್ ಮೊದಲ ವಾರದಲ್ಲೇ ಹೂವನ್ನು ಒಳಗೆ ಸೇರಿಸಿಬಿಡುತ್ತೇನೆ.

ಒಳಗೆ ಅಂದರೆ ಗಾಜಿನ ಒಳಗೆ. ಬಿಗಿ ಮುಚ್ಚಳದ ದೊಡ್ಡ ಗಾಜಿನ ಜಾಡಿ ಇದ್ದರೆ ಸಾಕು. ಅದನ್ನು ತೊಳೆದು ಬೇಸಿಗೆಯ ಬಿಸಿಲಿಗಿಟ್ಟು ಚೆನ್ನಾಗಿ ಒಣಗಿಸಿಟ್ಟುಕೊಂಡಿರಿ. ಉಪ್ಪಿನಕಾಯಿ ಹಾಕಿದ್ದ ಜಾಡಿ ಬೇಡ, ವಾಸನೆ ಹೋಗುವುದಿಲ್ಲ. ತಳಕ್ಕೆ ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಪುಟ್ಟ ಪೊಟ್ಟಣಗಳು ನಮ್ಮ ಮಳೆಗೆ ಸಾಲುವುದಿಲ್ಲ. ತಿಂಗಳುಗಟ್ಟಲೆ ಹೊರಗೆ ಬಿದ್ದಿದ್ದರೆ ಅವು ಆಗಲೇ ನೀರು ಕುಡಿದು ಕೂತಿರುತ್ತವೆ. ಬಣ್ಣ ಬದಲಿಸುವ ಹರಳು ತಂದರೆ ಒಳ್ಳೆಯದು, ಜಾಡಿ ತೆರೆಯದೆಯೇ ಗೊತ್ತಾಗುತ್ತದೆ. ನೀಲಿ ಹರಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀಲಿ ಬಣ್ಣ ಬರುವುದು ಕೋಬಾಲ್ಟ್ ಕ್ಲೋರೈಡ್‌ನಿಂದ, ಅದು ವಿಷ. ಮನೆಯಲ್ಲಿ ಮಕ್ಕಳಿದ್ದರೆ ಕಿತ್ತಳೆ ಬಣ್ಣದ್ದನ್ನೇ ಕೇಳಿ ತನ್ನಿ. ಹರಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಎಸಳಿಗೆ ತಾಗದಂತೆ ಇಡಿ.

ಬಣ್ಣ ತಿರುಗಿತು ಎಂದು ಹರಳನ್ನು ಎಸೆಯಬೇಡಿ. ಬಟ್ಟೆ ಬಿಚ್ಚಿ, ಅಡುಗೆಗೆ ಬಳಸದ ಹಳೇ ತಟ್ಟೆಯಲ್ಲಿ ಹರಡಿ, ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಮೊದಲಿನ ಬಣ್ಣ ಬರುತ್ತದೆ. ಪೂರ್ತಿ ಆರಿದ ಮೇಲೆ ಜಾಡಿಗೆ ಹಾಕಿ. ಪುನರ್ವಸು, ಪುಷ್ಯ ಮಳೆಯ ಹೊತ್ತಿಗೆ ನಮ್ಮಲ್ಲಿ ಹದಿನೈದು ದಿನಕ್ಕೊಮ್ಮೆ ಈ ಕೆಲಸ ಇದ್ದದ್ದೇ.

ಜಾಡಿಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ. ಕಿಟಕಿ, ಬಚ್ಚಲು, ಅಡುಗೆಮನೆಯ ಪಕ್ಕವೂ ಬೇಡ. ನಡುಮನೆಯ ಒಳಗೋಡೆಯ ಕಪಾಟು ಒಳ್ಳೆಯದು.

ಹೂ ಆಗಲೇ ಬೆವರಿದ್ದರೆ? ಟಿಶ್ಯೂ ಕಾಗದವನ್ನು ಎಸಳಿನ ಮೇಲೆ ಮೆಲ್ಲಗೆ ಒತ್ತಿ ತೆಗೆಯಿರಿ. ಉಜ್ಜಿದರೆ ಎಸಳೇ ಕೈಗೆ ಬರುತ್ತದೆ. ಆಮೇಲೆ ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಎರಡು ಮೂರು ದಿನ ಮುಚ್ಚಿಡಿ. ಪಾರದರ್ಶಕವಾಗಿದ್ದ ಅಂಚು ಎಷ್ಟೋ ಮಟ್ಟಿಗೆ ಮೊದಲಿನಂತಾಗುತ್ತದೆ. ಇಳಿದ ಬಣ್ಣ ಮಾತ್ರ ವಾಪಸ್ ಬರುವುದಿಲ್ಲ. ನಾನು ಮೊದಲು ಮಾಡಿದ್ದು ಇದಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಹಾಗೆ ಬಚ್ಚಲ ಒಲೆಯ ಮೇಲಿನ ತಂತಿಗೆ ಎರಡು ಹೂ ನೇತುಹಾಕಿದೆ. ಮಾರನೇ ದಿನಕ್ಕೆ ಅವಕ್ಕೆ ಹೊಗೆಯ ವಾಸನೆ, ಕಾಫಿ ಡಿಕಾಕ್ಷನ್ ಬಣ್ಣ.

ಮಳೆ ಬಿಟ್ಟ ಮೇಲಿನ ಆರೈಕೆ ಸುಲಭ. ದೀಪಾವಳಿ ಕಳೆಯುತ್ತಲೇ ಹೂವನ್ನು ಹೊರಗೆ ತೆಗೆಯಬಹುದು. ನೇರ ಬಿಸಿಲು ಬೀಳಬಾರದು, ಬಣ್ಣ ಮಾಸುತ್ತದೆ. ನೀರು ಹಾಕುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು ಬೇಡವೇ ಬೇಡ. ಧೂಳು ಕೂತರೆ ಮೆತ್ತನೆಯ ಬ್ರಷ್ಷಿನಿಂದ ಒಳಗಿಂದ ಹೊರಕ್ಕೆ ಸವರಿ. ಹೇರ್ ಡ್ರೈಯರ್ ಇದ್ದರೆ ತಣ್ಣನೆ ಗಾಳಿಯಲ್ಲಿ, ಒಂದು ಮೊಳ ದೂರದಿಂದ. ಜೇಡದ ಬಲೆಯನ್ನು ಎಳೆಯಲು ಹೋಗಬೇಡಿ. ಹಂಚಿಕಡ್ಡಿಗೆ ಸುತ್ತಿಕೊಂಡರೆ ಎಸಳಿಗೆ ಪೆಟ್ಟಾಗದೆ ಬರುತ್ತದೆ.

ಇಷ್ಟೆಲ್ಲ ಯಾಕೆ ಎಂದು ಅತ್ತಿಗೆಯ ತಕರಾರು. ಅವರ ಸೀರೆ ಟ್ರಂಕಿನಲ್ಲಿ ಸುರಗಿ ದಂಡೆ ಇದೆ. ಬೇಸಿಗೆ ಶುರುವಿಗೆ ಮೊಗ್ಗು ಬಿಡಿಸಿ ಪೋಣಿಸಿ, ನೆರಳಲ್ಲಿ ಒಣಗಿಸಿದ್ದು. ಬಣ್ಣ ಕಂದಿದೆ, ಪರಿಮಳ ಹಾಗೇ ಇದೆ. ಈ ವರ್ಷ ಆ ದಂಡೆಯ ಜೊತೆಗೂ ಒಂದು ಸಿಲಿಕಾ ಜೆಲ್ ಗಂಟು ಇಟ್ಟುಕೊಂಡಿದ್ದಾರೆ, ನನ್ನನ್ನು ಕೇಳದೆ.