ಕಾರಿನಲ್ಲಿ ಎಳೆ ಮಗುವನ್ನು ಎಲ್ಲಿ ಕೂರಿಸಬೇಕು? ಏರ್‌ಬ್ಯಾಗ್ ಮುಂದೆ ಮಾತ್ರ ಬೇಡ

ಶಿವಮೊಗ್ಗದ ಆಸ್ಪತ್ರೆಯಿಂದ ಬಾಣಂತಿಯನ್ನು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತವರಿಗೆ ಕರೆದುಕೊಂಡು ಹೋಗುವಾಗ ನಮ್ಮಲ್ಲಿ ಒಂದು ರೂಢಿ ಇದೆ. ಬಾಣಂತಿಗೆ ಮುಂದಿನ ಸೀಟು. ಅಲ್ಲಿ ಕಾಲು ಚಾಚಬಹುದು, ತಿರುವಿನಲ್ಲಿ ಹೊಟ್ಟೆ ತೊಳಸುವುದು ಕಡಿಮೆ, ಹಿಂದೆ ಹೇಗೂ ಅಜ್ಜಿ, ಅತ್ತಿಗೆ, ಬಟ್ಟೆ ಗಂಟು, ಬಿಸಿನೀರಿನ ಫ್ಲಾಸ್ಕು ಎಲ್ಲ ತುಂಬಿರುತ್ತವೆ. ಮಗು ಅಮ್ಮನ ಮಡಿಲಲ್ಲಿ. ಪ್ರೀತಿಯಿಂದಲೇ ಹೀಗೆ ಕೂರಿಸುವುದು. ಆದರೆ ಇಡೀ ಕಾರಿನಲ್ಲಿ ಮಗುವಿಗೆ ಅತಿ ಅಪಾಯದ ಜಾಗ ಅದೇ.

ಕಾರಣ ಏರ್‌ಬ್ಯಾಗ್. ಅದು ಮೆತ್ತನೆಯ ದಿಂಬು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮಡಚಿಟ್ಟ ಚೀಲ ಅದು, ಡ್ಯಾಶ್‌ಬೋರ್ಡಿನ ಒಳಗಿರುತ್ತದೆ. ಜೋರಾಗಿ ಡಿಕ್ಕಿಯಾದಾಗ ಒಳಗೆ ಅನಿಲ ಹುಟ್ಟಿ, ಕಣ್ಣು ಮಿಟುಕಿಸುವುದಕ್ಕಿಂತ ಮೊದಲೇ ಚೀಲ ಉಬ್ಬಿ ಹೊರಗೆ ನುಗ್ಗುತ್ತದೆ. ಅಷ್ಟು ಬೇಗ ಬರಬೇಕು ಅಂದರೆ ಅಷ್ಟೇ ರಭಸವೂ ಬೇಕು. ಬೆಲ್ಟ್ ಹಾಕಿಕೊಂಡು, ಡ್ಯಾಶ್‌ಬೋರ್ಡಿನಿಂದ ದೂರ ಕೂತ ದೊಡ್ಡವರನ್ನು ನೆನಪಿನಲ್ಲಿಟ್ಟುಕೊಂಡು ಮಾಡಿದ ವಸ್ತು ಅದು. ಮಡಿಲಲ್ಲಿ ಮಗು ಇದ್ದರೆ ಅಮ್ಮನಿಗೂ ಏರ್‌ಬ್ಯಾಗಿಗೂ ನಡುವೆ ಸಿಕ್ಕಿಕೊಳ್ಳುವುದು ಮಗುವೇ. ಹಿಂದಕ್ಕೆ ಮುಖ ಮಾಡಿದ ಬೇಬಿ ಸೀಟನ್ನು ಮುಂದೆ ಇಟ್ಟರೂ ಅಷ್ಟೇ ಅಪಾಯ. ಆ ಸೀಟಿನ ಬೆನ್ನು ಡ್ಯಾಶ್‌ಬೋರ್ಡಿಗೆ ತಾಗುವಷ್ಟು ಹತ್ತಿರ ಇರುತ್ತದೆ, ಏರ್‌ಬ್ಯಾಗ್ ನೇರವಾಗಿ ಮಗುವಿನ ತಲೆಯ ಹಿಂದಕ್ಕೇ ಬಡಿಯುತ್ತದೆ. ಇದರಿಂದ ಮಕ್ಕಳು ಸತ್ತಿರುವುದು ಬೇರೆ ದೇಶಗಳಲ್ಲಿ ದಾಖಲಾಗಿದೆ, ಹಾಗಾಗಿಯೇ ಮುಂದಿನ ಸೀಟಿನ ಸನ್ ವೈಸರ್ ಮೇಲೆ ಬೇಬಿ ಸೀಟಿಗೆ ಕೆಂಪು ಗೆರೆ ಎಳೆದ ಚಿತ್ರ ಅಂಟಿಸಿರುತ್ತಾರೆ. ಒಮ್ಮೆ ಮಡಚಿ ನೋಡಿ.

2022ರಿಂದ ಈಚೆಗೆ ತಯಾರಾದ ಕಾರಾದರೆ ನಮ್ಮ ದೇಶದಲ್ಲಿ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಇದ್ದೇ ಇರುತ್ತದೆ. ಹಳೆಯದಾದರೆ ಎಡಗಡೆ ಗ್ಲೋವ್ ಬಾಕ್ಸ್ ಮೇಲೆ 'ಎಸ್‌ಆರ್‌ಎಸ್ ಏರ್‌ಬ್ಯಾಗ್' ಅಂತ ಬರೆದಿದೆಯೇ ನೋಡಿ. ಇಲ್ಲ ಅಂದರೂ ಮಗುವಿಗೆ ಹಿಂದಿನ ಸೀಟೇ ಸರಿ.

"ನಾವು ನಿಮ್ಮನ್ನೆಲ್ಲ ಮಡಿಲಲ್ಲೇ ಕೂರಿಸಿಕೊಂಡು ಬಂದಿಲ್ವೇನೋ?" ಅಂತ ಅಜ್ಜಿ ಕೇಳಿಯೇ ಕೇಳುತ್ತಾರೆ. ಅವರಿಗೆ ಸಮಾಧಾನವಾಗಿ ಹೇಳಬೇಕಾದ್ದು ಇಷ್ಟು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾಗ ಡಿಕ್ಕಿ ಹೊಡೆದರೆ ಆ ಹೊಡೆತ ಸುಮಾರು 10 ಮೀಟರ್ ಮೇಲಿಂದ ಬಿದ್ದಷ್ಟು, ಅಂದರೆ ಕೊನೆ ಕೊಯ್ಯುವವರು ಏರುವ ಅಡಿಕೆ ಮರದ ಎತ್ತರದಿಂದ ಬಿದ್ದ ಹಾಗೆ. ಆ ಹೊತ್ತಿನಲ್ಲಿ ಮಗುವನ್ನು ಹಿಡಿದುಕೊಳ್ಳುವ ಶಕ್ತಿ ಯಾರ ಕೈಗೂ ಇಲ್ಲ, ತಾಯಿಯ ಕೈಗೂ ಇಲ್ಲ. ಒಂದೇ ಬೆಲ್ಟನ್ನು ಅಮ್ಮ ಮಗು ಇಬ್ಬರಿಗೂ ಸೇರಿಸಿ ಹಾಕುವುದು ಇನ್ನೂ ಕೆಟ್ಟದ್ದು, ಅಮ್ಮನ ಭಾರವೆಲ್ಲ ಬೆಲ್ಟಿನ ಜೊತೆ ಸೇರಿ ಮಗುವನ್ನು ಅಮುಕುತ್ತದೆ. ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ನಡೆದಾಡುವುದಕ್ಕೆ ಚೆನ್ನಾಗಿದೆ, ಕಾರಿಗೆ ಬೇಡ. ಕಾರಿನೊಳಗೆ ಸೀರೆಯ ಜೋಲಿ ಕಟ್ಟುವುದಂತೂ ಬೇಡವೇ ಬೇಡ.

ಸರಿ, ಹಾಗಾದರೆ ಮಗು ಎಲ್ಲಿ? ಹಿಂದಿನ ಸೀಟಿನಲ್ಲಿ, ಹಿಂದಕ್ಕೆ ಮುಖ ಮಾಡಿದ ಬೇಬಿ ಸೀಟಿನಲ್ಲಿ. ನಡುವಿನ ಜಾಗ ಎರಡೂ ಬಾಗಿಲಿನಿಂದ ದೂರ, ಆದ್ದರಿಂದ ಅದು ಒಳ್ಳೆಯದು ಅನ್ನುವುದು ನಿಜ. ಆದರೆ ನಮ್ಮ ತುಂಬಾ ಕಾರುಗಳಲ್ಲಿ ಅಲ್ಲಿ ಉಬ್ಬು ಇರುತ್ತದೆ, ಐಸೋಫಿಕ್ಸ್ ಕೊಕ್ಕೆ (ಬೆಲ್ಟ್ ಇಲ್ಲದೆ ಬೇಬಿ ಸೀಟನ್ನು ನೇರವಾಗಿ ಕಾರಿಗೆ ಸಿಕ್ಕಿಸುವ ಕೊಕ್ಕೆ) ಇರುವುದಿಲ್ಲ, ಹಳೆಯ ಕಾರಿನಲ್ಲಿ ಸೊಂಟದ ಬೆಲ್ಟ್ ಮಾತ್ರ ಇರುತ್ತದೆ. ನಡುವೆ ಅಲ್ಲಾಡುವ ಸೀಟಿಗಿಂತ ಪಕ್ಕದಲ್ಲಿ ಗಟ್ಟಿಯಾಗಿ ಕೂತ ಸೀಟು ಮೇಲು. ಪಕ್ಕ ಅಂದರೆ ಎಡಗಡೆಯೇ ಇರಲಿ. ತೀರ್ಥಹಳ್ಳಿ ರಸ್ತೆಯಲ್ಲಿ ಕಾರು ನಿಲ್ಲಿಸಿದಾಗ ಬಲಗಡೆ ಬಾಗಿಲು ತೆಗೆದರೆ ಬಸ್ಸು ಮೈಮೇಲೇ ಬಂದ ಹಾಗೆ ಹೋಗುತ್ತದೆ, ಮಗುವನ್ನು ಎತ್ತಿ ಇಳಿಸುವುದಕ್ಕೆ ರಸ್ತೆಯ ಅಂಚಿನ ಕಡೆಯೇ ಸುರಕ್ಷಿತ. ಬಾಣಂತಿ ಮಗುವಿನ ಪಕ್ಕದಲ್ಲಿ ಕೂರಲಿ, ಬೆಲ್ಟ್ ಹಾಕಿಕೊಂಡು. ಮುಂದೆ ಅಜ್ಜಿ ಕೂರಲಿ. ಇನ್ನೂ ಜನ ಉಳಿದರೆ ಇನ್ನೊಂದು ಗಾಡಿ ಮಾಡಿ, ಅಥವಾ ಅವರು ಬಸ್ಸಿಗೆ ಬರಲಿ. ಈ ಒಂದು ವಿಷಯದಲ್ಲಿ ಸಂಕೋಚ ಮಾಡಿಕೊಳ್ಳಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಹಿಂದಕ್ಕೇ ಯಾಕೆ ಮುಖ? ಎಳೆ ಮಗುವಿನ ತಲೆ ದೊಡ್ಡದು, ಭಾರ. ಕತ್ತು ಇನ್ನೂ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂರಿಸಿದರೆ ಡಿಕ್ಕಿಯಾದಾಗ ಮೈ ಬೇಬಿ ಸೀಟಿನ ಪಟ್ಟಿಯಲ್ಲಿ ನಿಲ್ಲುತ್ತದೆ, ತಲೆ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ, ಭಾರವೆಲ್ಲ ಕತ್ತಿಗೆ ಬೀಳುತ್ತದೆ. ಹಿಂದಕ್ಕೆ ಮುಖ ಇದ್ದರೆ ತಲೆ, ಕತ್ತು, ಬೆನ್ನು ಮೂರನ್ನೂ ಸೀಟು ಒಟ್ಟಿಗೆ ತಡೆಯುತ್ತದೆ. ನಮ್ಮ ಘಟ್ಟದ ರಸ್ತೆಗಳಲ್ಲಿ ನಡುವೆ ಡಿವೈಡರ್ ಇಲ್ಲ, ತಿರುವಿನ ಆಚೆ ಏನು ಬರುತ್ತಿದೆ ಅಂತ ಕಾಣುವುದಿಲ್ಲ, ಮಳೆಗಾಲದಲ್ಲಿ ಆಗುಂಬೆ ಕಡೆ ಮಂಜು ಬೇರೆ. ಮುಖಾಮುಖಿ ಡಿಕ್ಕಿಯ ಭಯ ಇಲ್ಲಿ ಜಾಸ್ತಿ, ಹಾಗಾಗಿ ಈ ಮಾತು ನಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕನಿಷ್ಠ 15 ತಿಂಗಳವರೆಗೆ ಹೀಗೇ ಇರಲಿ. ಸೀಟಿನ ಮೇಲೆ ಬರೆದ ತೂಕ, ಎತ್ತರ ಮೀರುವ ತನಕ ಇದ್ದರೆ ಇನ್ನೂ ಒಳ್ಳೆಯದು. ಕಾಲು ಮಡಚಿಕೊಂಡು ಕೂತಿದೆ ಅಂತ ತಿರುಗಿಸಬೇಡಿ, ಅದರಿಂದ ಮಗುವಿಗೆ ತೊಂದರೆ ಇಲ್ಲ.

ಕೊಳ್ಳುವಾಗ ಸೀಟಿನ ಮೇಲೆ ಆರ್44 ಅಥವಾ ಆರ್129 (ಮಕ್ಕಳ ಸೀಟಿನ ಸುರಕ್ಷತಾ ಮಾನದಂಡಗಳ ಹೆಸರು) ಅಂತ ಬರೆದ ಕಿತ್ತಳೆ ಬಣ್ಣದ ಚೀಟಿ ಇದೆಯೇ ನೋಡಿ. ನೆಂಟರ ಮನೆಯಿಂದ ಹಳೆಯದು ಬಂದರೆ, ಅದು ಅಪಘಾತ ಆದ ಕಾರಿನಲ್ಲಿ ಇತ್ತೇ ಅಂತ ಬಾಯಿಬಿಟ್ಟು ಕೇಳಿ. ಇತ್ತು ಅಂದರೆ ಬೇಡ.

ಕಟ್ಟುವುದರಲ್ಲೇ ಹೆಚ್ಚಿನವರು ಎಡವುವುದು, ಹೆರಿಗೆಗೆ ಮೊದಲೇ ಮನೆ ಅಂಗಳದಲ್ಲಿ ಒಮ್ಮೆ ಕಟ್ಟಿ ನೋಡಿ. ಐಸೋಫಿಕ್ಸ್ ಆದರೆ ಎರಡೂ ಕೊಕ್ಕೆ ಟಕ್ ಅಂತ ಕೂತು ಹಸಿರು ಗುರುತು ಕಾಣಬೇಕು. ಕಾರಿನ ಬೆಲ್ಟಿನಿಂದ ಕಟ್ಟುವುದಾದರೆ ಮೊಣಕಾಲಿನಿಂದ ಸೀಟನ್ನು ಒತ್ತಿ ಹಿಡಿದು ಬೆಲ್ಟನ್ನು ಎಳೆದು ಬಿಗಿ ಮಾಡಿ. ಆರ್44 ಸೀಟಿನಲ್ಲಿ ಬೆಲ್ಟ್ ಹಾಯುವ ದಾರಿಗೆ ಬಣ್ಣ ಇರುತ್ತದೆ, ಹಿಂದಕ್ಕೆ ಮುಖ ಮಾಡುವಾಗ ನೀಲಿ, ಮುಂದಕ್ಕೆ ಕೆಂಪು. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿ, ಒಂದು ಇಂಚಿಗಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಕಟ್ಟಿ.

ಮಗುವಿನ ಪಟ್ಟಿ ಹೆಗಲಿನ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿನಿಂದ ಬರಬೇಕು. ಬಿಗಿ ಮಾಡಿದ ಮೇಲೆ ಹೆಗಲ ಹತ್ತಿರ ಬೆರಳಿನಿಂದ ಹಿಡಿದು ನೋಡಿ, ಪಟ್ಟಿ ಮಡಚಿ ಕೈಗೆ ಸಿಕ್ಕಿತು ಅಂದರೆ ಸಡಿಲ ಇದೆ. ಮಲೆನಾಡಿನ ಚಳಿಗೆ ನಾವು ಮಗುವಿಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ದಪ್ಪ ಟವೆಲಿನಲ್ಲಿ ಸುತ್ತಿ ಸೀಟಿನಲ್ಲಿ ಇಡುತ್ತೇವೆ, ಅಲ್ವಾ? ಡಿಕ್ಕಿಯಾದಾಗ ಆ ದಪ್ಪವೆಲ್ಲ ಅದುಮಿ ಹೋಗಿ ಪಟ್ಟಿ ಸಡಿಲವಾಗುತ್ತದೆ. ತೆಳು ಬಟ್ಟೆಯಲ್ಲಿ ಕೂರಿಸಿ, ಪಟ್ಟಿ ಬಿಗಿ ಮಾಡಿ, ಆಮೇಲೆ ಮೇಲಿಂದ ಹೊದಿಸಿ. ಕಾರಿನೊಳಗೆ ಬೆಚ್ಚಗಿದ್ದರೆ ಕುಲಾವಿ ತೆಗೆಯಿರಿ.

ಮಗು ಕೂತಾಗ ಗದ್ದ ಎದೆಗೆ ತಾಗಬಾರದು, ಉಸಿರಿಗೆ ತೊಂದರೆ. ಹುಟ್ಟಿದ ಮಗುವಿಗೆ ಸೀಟು ಸುಮಾರು 45 ಡಿಗ್ರಿ ಒರಗಿರಬೇಕು. ದೂರದ ದಾರಿಯಾದರೆ ನಡುನಡುವೆ ನಿಲ್ಲಿಸಿ ಎತ್ತಿಕೊಳ್ಳಿ, ಹಾಲು ಕುಡಿಸಿ. ಚಲಿಸುವ ಕಾರಿನಲ್ಲಿ ಪಟ್ಟಿ ಬಿಚ್ಚಿ ಹಾಲು ಕುಡಿಸುವುದು ಬೇಡ. ಆಗುಂಬೆ ಘಾಟಿ ಇಳಿಯುವ ಮೊದಲೇ, ಮೇಲೇ ನಿಲ್ಲಿಸಿ ಕುಡಿಸಿ ತೇಗಿಸಿ ಹೊರಡಿ, 14 ತಿರುವು ಮುಗಿಯುವ ತನಕ ಸರಿಯಾಗಿ ನಿಲ್ಲಿಸುವುದಕ್ಕೆ ಜಾಗ ಸಿಗುವುದು ಕಷ್ಟ.

ಪಿಕಪ್ ಥರದ, ಹಿಂದೆ ಸೀಟೇ ಇಲ್ಲದ ಗಾಡಿಯಾದರೆ? ಮುಂದಿನ ಏರ್‌ಬ್ಯಾಗನ್ನು ಆಫ್ ಮಾಡದೆ ಬೇಬಿ ಸೀಟ್ ಇಡಲೇಬಾರದು. ಕೆಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಎಡ ಅಂಚಿನಲ್ಲಿ, ಬಾಗಿಲು ತೆಗೆದರೆ ಕಾಣುವ ಹಾಗೆ, ಕೀ ಹಾಕಿ ತಿರುಗಿಸುವ ಸ್ವಿಚ್ ಇರುತ್ತದೆ. ಆಫ್ ಅಂತ ದೀಪ ಹತ್ತಿದ್ದನ್ನು ಕಣ್ಣಾರೆ ನೋಡಿ. ಸ್ವಿಚ್ ಇಲ್ಲ ಅಂದರೆ ಬೇರೆ ಗಾಡಿ ನೋಡಿ. ಮುಂದೆ ದೊಡ್ಡವರು ಕೂರುವಾಗ ಮತ್ತೆ ಆನ್ ಮಾಡುವುದು ಮರೆಯಬೇಡಿ.

ಬಾಡಿಗೆ ಕಾರಿಗೂ ನಿಮ್ಮದೇ ಸೀಟು ತೆಗೆದುಕೊಂಡು ಹೋಗಿ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ ಅಂತ 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿದೆ, ಚಾಲಕರು ಗೊಣಗಿದರೆ ಅದನ್ನೇ ಹೇಳಿ, ಕಟ್ಟುವುದಕ್ಕೆ ಐದು ನಿಮಿಷ ಕೇಳಿ ಪಡೆಯಿರಿ.