ಪಾಳಿ ಹಚ್ಚುವ ಮುಂಚೆ: ಎಲ್ಲರನ್ನೂ ಕೂಡಿಸಿ ತೀರ್ಮಾನ ಮಾಡುವುದು ಹೇಗೆ

ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆ ಮೇಲೆ ನಮ್ಮೂರು. 11 ತೂಬು ಇವೆ, ಅಂದ್ರೆ ಕಾಲುವೆಯಿಂದ ಹೊಲಗಳಿಗೆ ನೀರು ಬಿಡುವ ಬಾಯಿಗಳು. ಒಂದನೇದು ಮೇಲೆ, ಹನ್ನೊಂದನೇದು ಕೆಳಗೆ ಕೊನೆಗೆ. ನೀರು ಬಳಕೆದಾರರ ಸಹಕಾರ ಸಂಘಕ್ಕೆ ನಾನು ಅಧ್ಯಕ್ಷ. ನನ್ನ ಹೊಲ ಆರನೇ ತೂಬಿಗೆ. ಮೇಲಿನವರಿಂದಲೂ ಕೆಳಗಿನವರಿಂದಲೂ ಬೈಸಿಕೊಳ್ಳಲು ಸರಿಯಾದ ಜಾಗ.

ಮೊದಲನೇ ವರ್ಷ ಪಾಳಿ ಪಟ್ಟಿ, ಅಂದ್ರೆ ಯಾವ ತೂಬಿಗೆ ಯಾವಾಗ ನೀರು ಅನ್ನುವುದನ್ನು, ನಾನೇ ಬರೆದೆ. ಮನೆಯಲ್ಲಿ ಕೂತು, ಅರ್ಧ ತಾಸಿನಲ್ಲಿ. ಹನುಮಪ್ಪನ ಗುಡಿ ಕಟ್ಟೆ ಮೇಲೆ ನಿಂತು ಓದಿದೆ. ಎಲ್ಲರೂ "ನೀವು ಹೇಳಿದಂಗ ಆಗ್ಲಿ ಬಿಡ್ರಿ" ಅಂದರು. ನಾನು ಖುಷಿಯಿಂದ ಊಟ ಮಾಡಿ ಮಲಗಿದೆ. ಮೂರನೇ ರಾತ್ರಿ ನಾಲ್ಕನೇ ತೂಬಿನ ಹತ್ತಿರ ಕಾಲುವೆಗೆ ಅಡ್ಡ ಉಸುಕಿನ ಚೀಲ ಬಿದ್ದವು. ನೀರೆಲ್ಲ ಅಲ್ಲೇ ಏರಿ ಮೇಲಿನ ಗದ್ದೆಗಳಿಗೆ ಹೋಯಿತು. ಬೆಳಿಗ್ಗೆ ಹನ್ನೊಂದನೇ ತೂಬಿಗೆ ಹೋದರೆ ಗದ್ದೆ ಬಿರಿದು ನನ್ನ ಹೆಬ್ಬೆರಳು ಬಿರುಕಿನಲ್ಲಿ ಇಳಿಯುತ್ತಿತ್ತು. ಗದ್ದೆಯವನು ಬೈಯಲೂ ಇಲ್ಲ. ಒಂದು ಹಳದಿ ಸಸಿ ಕಿತ್ತು ನನ್ನ ಕೈಗೆ ಕೊಟ್ಟು ಹೋದ.

"ನೀವು ಹೇಳಿದಂಗ ಆಗ್ಲಿ" ಅನ್ನುವುದು ಒಪ್ಪಿಗೆ ಅಲ್ಲ ಅಂತ ಆಗ ಗೊತ್ತಾಯಿತು. ಸಭೆಯಲ್ಲಿ ಜಗಳ ಬೇಡ, ರಾತ್ರಿ ನೋಡಿಕೊಳ್ಳೋಣ ಅಂತ ಅದರ ಅರ್ಥ. ಹಾಗಾಗಿ ಈಗ ನಾನು ಮಾಡುವುದು ಬೇರೆ ಥರ. ಸಂಘ, ಗುಡಿ ಸಮಿತಿ, ಮನೆ ಪಾಲು, ಯಾವುದಕ್ಕಾದರೂ ಇದು ನಡೆಯುತ್ತದೆ.

ಮೊದಲು ಯಾರನ್ನು ಕರೆಯಬೇಕು ಅಂತ ನೋಡಿ. ಸಂಘದ ಪುಸ್ತಕದಲ್ಲಿ ಇರುವುದು ಪಹಣಿಯಲ್ಲಿ ಹೆಸರಿದ್ದವರು. ಅವರಲ್ಲಿ ಎಷ್ಟೋ ಜನ ಪ್ಯಾಟಿಯಲ್ಲಿ ಇರುತ್ತಾರೆ. ರಾತ್ರಿ ಬ್ಯಾಟರಿ ಹಿಡಿದು ನೀರು ಹಾಯಿಸುವವನು ಗುತ್ತಿಗೆಯವನು. ಎಷ್ಟೋ ಮನೆಗಳಲ್ಲಿ ಹಗಲು ಪಾಳಿ ನೋಡುವುದು ಹೆಂಗಸರು. ಅವರನ್ನು ಬಿಟ್ಟು ಮಾಡಿದ ತೀರ್ಮಾನ ಕಾಗದದಲ್ಲೇ ಉಳಿಯುತ್ತದೆ. ಲೆಕ್ಕಕ್ಕೆ ಓಟು ಸದಸ್ಯರದೇ ಇರಲಿ, ಮಾತು ಮಾತ್ರ ಎಲ್ಲರದು.

ಸಭೆಯನ್ನು ಕೆಳಭಾಗದಲ್ಲೇ ಕರೆಯಿರಿ. ನಾವು ಈಗ ಹನ್ನೊಂದನೇ ತೂಬಿನ ಬೇವಿನ ಗಿಡದ ಕೆಳಗೆ ಕೂಡುತ್ತೇವೆ. ಮೇಲಿನವರು ಕಾಲುವೆ ಗುಂಟ ನಡೆದು ಬರಬೇಕು. ಬರುವಾಗ ಒಣಗಿದ್ದು ಕಣ್ಣಿಗೆ ಬೀಳುತ್ತದೆ, ನಾನು ಭಾಷಣ ಮಾಡುವ ಕೆಲಸ ತಪ್ಪಿತು. ಸಂತೆ ದಿನ ಮಾತ್ರ ಬೇಡ.

ಅಭಿಪ್ರಾಯ ಕೇಳುವ ಮುಂಚೆ ಲೆಕ್ಕ ಮುಂದಿಡಿ. ನಮ್ಮಲ್ಲಿ ಲೆಕ್ಕ ಸುಲಭ. ಒಂದು ಕ್ಯುಸೆಕ್ ನೀರು (ಸೆಕೆಂಡಿಗೆ ಒಂದು ಘನ ಅಡಿ) ಒಂದು ತಾಸು ಹರಿದರೆ ಒಂದು ಎಕರೆಗೆ ಹೆಚ್ಚುಕಡಿಮೆ ಒಂದು ಇಂಚು ನಿಲ್ಲುತ್ತದೆ. 40 ಎಕರೆಗೆ ಎರಡು ಇಂಚು ಬೇಕಂದ್ರೆ 80 ತಾಸು. ಅಂದ್ರೆ ಮೂರು ದಿನ ಎಂಟು ತಾಸು, ಸೋರಿದ್ದು ಬೇರೆ. ಇದನ್ನು ಹೇಳಿದ ಮೇಲೆ "ನಮಗ ಸ್ವಲ್ಪ ಜಾಸ್ತಿ ಬಿಡ್ರಿ" ಅನ್ನುವವರೂ ಎಷ್ಟು ತಾಸು ಅಂತ ಹೇಳಬೇಕಾಗುತ್ತದೆ.

ಇನ್ನೊಂದು ಸಣ್ಣ ಉಪಾಯ. ನೆಲದ ಮೇಲೆ ಬೂದಿಯಿಂದ ಕಾಲುವೆ ಗೆರೆ ಎಳೆದು, ತೂಬಿಗೊಂದು ಕಲ್ಲು ಇಡಿ. ಜನ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿದರೆ ಜಗಳ. ನೆಲ ನೋಡಿ ಮಾತಾಡಿದರೆ ಅರ್ಧ ಜಗಳ. ಒಮ್ಮೆ ಹೀಗೆ ಇಟ್ಟಾಗ ಯಾವತ್ತೂ ಬಾಯಿ ಬಿಡದ ಗುತ್ತಿಗೆ ಹುಡುಗ ಒಬ್ಬ ಬಗ್ಗಿ, ಏಳಕ್ಕೂ ಎಂಟಕ್ಕೂ ನಡುವೆ ಬೆರಳಿಟ್ಟ. "ಇಲ್ಲಿ ಲೈನಿಂಗ್ ಕುಸಿದೈತ್ರಿ. ನೀರು ಸೋರಿ ಹಳ್ಳಕ್ಕ ಹೊಂಟೈತಿ." ನಾನು ದಿನಾ ಬೈಕಿನಲ್ಲಿ ಅದೇ ದಂಡೆ ಮೇಲೆ ಓಡಾಡುತ್ತಿದ್ದೆ, ನೋಡಿರಲಿಲ್ಲ. ಅದನ್ನು ಮುಚ್ಚಿದ ಮೇಲೆ ಕೆಳಗೆ ಬಂದ ನೀರು ನನ್ನ ಯಾವ ಪಟ್ಟಿಯಿಂದಲೂ ಬಂದಿರಲಿಲ್ಲ.

ಮಾತು ಕೆಳಗಿನಿಂದ ಶುರುವಾಗಲಿ: ಹನ್ನೊಂದು, ಹತ್ತು, ಒಂಬತ್ತು. ಅಧ್ಯಕ್ಷ ಕೊನೆಗೆ. ಮೊದಲೇ ನಾನು ಬಾಯಿ ಬಿಟ್ಟರೆ ಉಳಿದವರು ಅದಕ್ಕೇ ತಲೆ ಆಡಿಸುತ್ತಾರೆ. ಸುಮ್ನೆ ಕೂರುವುದು ಕಷ್ಟದ ಕೆಲಸ, ನಾನು ಎಲೆ ಅಡಿಕೆ ಹಾಕಿಕೊಂಡು ಕೂರುತ್ತೇನೆ. "ಒಪ್ಪಿಗೇನಾ?" ಅಂತ ಕೇಳಬೇಡಿ. "ಹಿಂಗ ಮಾಡಿದ್ರ ನಿನ್ನ ಹೊಲಕ್ಕ ಏನು ತೊಂದ್ರಿ?" ಅಂತ ಒಬ್ಬೊಬ್ಬರನ್ನೇ ಕೇಳಿ. "ಏನಿಲ್ರಿ" ಅಂದವನನ್ನು ಇನ್ನೊಮ್ಮೆ ಕೇಳಿ. ಉಸುಕಿನ ಚೀಲ ಅವನ ಮನೆಯಲ್ಲೇ ಇರಬಹುದು.

ಎಲ್ಲವನ್ನೂ ಸಭೆಗೆ ತಂದರೆ ಯಾರೂ ಬರುವುದಿಲ್ಲ. ಕಾಲುವೆ ಒಡೆದರೆ ನಾನೇ ಜೆಸಿಬಿ ಕರೆಸುತ್ತೇನೆ. 10,000 ರೂಪಾಯಿವರೆಗೆ ಖರ್ಚು ಮಾಡಿ ಮರುದಿನ ಲೆಕ್ಕ ಕೊಡುವುದು ಅಂತ ಮೊದಲೇ ಎಲ್ಲರೂ ಬರೆಸಿದ್ದೇವೆ. ಇನ್ನು ಕೆಲವು ನಮ್ಮ ಕೈಯಲ್ಲೇ ಇಲ್ಲ. ಕಾಲುವೆಗೆ ಎಷ್ಟು ನೀರು ಅಂತ ತೀರ್ಮಾನ ಮಾಡುವುದು ನೀರಾವರಿ ಸಲಹಾ ಸಮಿತಿ. 133 ಟಿಎಂಸಿಯ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ) ತುಂಗಭದ್ರಾ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಬಂದಿದ್ದರ ಬಗ್ಗೆ ಎರಡು ತಾಸು ಮಾತಾಡಬಹುದು. ಮಾತಾಡಿದ್ದೇವೆ ಕೂಡ. ಪಾಳಿ ಮಾತ್ರ ಆವತ್ತು ಆಗಲಿಲ್ಲ.

ಗಾಬರಿಯಲ್ಲಿ ಕೂಡಲೂಬೇಡಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿ ಹೋಯಿತಲ್ಲ, ಆಗ ಬೆಳಗಾಗುವುದರೊಳಗೆ ಕಟ್ಟೆ ತುಂಬಾ ಜನ. ಕೆಳಗಿನವರು ಭತ್ತ ಬಿಟ್ಟುಬಿಡಲಿ ಅಂತ ಒಂದು ಗುಂಪು. ಎಲ್ಲರ ಮಾತು ಬರೆದುಕೊಂಡೆ, ತೀರ್ಮಾನ ಎಂಟು ದಿನ ಮುಂದಕ್ಕೆ ಹಾಕಿದೆ. ಅಷ್ಟರಲ್ಲಿ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ಅಡ್ಡ ಹಲಗೆಗಳನ್ನು ಇಳಿಸಿ ನೀರು ನಿಲ್ಲಿಸಿದರು. ಮುಂದೆ ಡ್ಯಾಮು ಮತ್ತೆ ತುಂಬಿತು. ಆವತ್ತೇ ಕೈ ಎತ್ತಿಸಿದ್ದರೆ ಹನ್ನೊಂದನೇ ತೂಬಿನವರ ಗತಿ ಏನಾಗುತ್ತಿತ್ತು?

ಕೊನೆಗೆ ರಿಜಿಸ್ಟರ್. ಏನು ಮಾಡುವುದು, ಯಾರು ಮಾಡುವುದು, ಯಾವಾಗಿನೊಳಗೆ. ಅಲ್ಲೇ ಓದಿ ಹೇಳಿ, ಸಹಿ ಇಲ್ಲವೇ ಹೆಬ್ಬೆಟ್ಟು ತೆಗೆದುಕೊಳ್ಳಿ. ಬಲಗಡೆ "ತಕರಾರು" ಅಂತ ಒಂದು ಕಾಲಂ ಬಿಡಿ. ಸೋತವನ ಮಾತೂ ಅಲ್ಲಿ ಅವನ ಹೆಸರಿನ ಜೊತೆ ಇರಲಿ. ಒಂದು ಪಾಳಿ ಮುಗಿದ ಮೇಲೆ ಮೊದಲು ಓದುವುದು ಅದನ್ನೇ. ಹೋದ ಸಲ ಅದರಲ್ಲಿ ಒಂದೇ ತಕರಾರು ಇತ್ತು. ಆರನೇ ತೂಬಿಗೆ ಯಾವಾಗಲೂ ಅಮಾವಾಸ್ಯೆ ರಾತ್ರಿಯೇ ಪಾಳಿ ಬರುತ್ತದೆ ಅಂತ. ಕೆಳಗೆ ನನ್ನದೇ ಸಹಿ. ಇನ್ನೂ ಬಗೆಹರಿದಿಲ್ಲ.