ವ್ಯಾಲಸೈಕ್ಲೋವಿರ್ ಕರುಳಿನ ಪೊರೆ ದಾಟುವುದನ್ನು ನಾನು ಅಳೆದ ಬಗೆ

ಹರ್ಪಿಸ್ ವೈರಸ್ ಹೊಕ್ಕ ಜೀವಕೋಶದಲ್ಲಷ್ಟೇ ಚುರುಕಾಗುವ ವೈರಸ್ ನಿರೋಧಕ ಔಷಧ ಅಸೈಕ್ಲೋವಿರ್ ನನಗೆ ಬಹಳ ಇಷ್ಟದ ಅಣು. ಆದರೆ ನುಂಗಿದ ಮಾತ್ರೆಯಲ್ಲಿ ರಕ್ತ ಸೇರುವುದು ಸುಮಾರು ಐದನೇ ಒಂದು ಪಾಲು ಮಾತ್ರ. ಹಾಗಾಗಿಯೇ ಸರ್ಪಸುತ್ತಿಗೆ 800 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಐದು ಸಲ ಕೊಡಬೇಕು. ಇದೇ ಅಣುವಿಗೆ ವ್ಯಾಲಿನ್ ಎಂಬ ಅಮೈನೋ ಆಮ್ಲವನ್ನು ಎಸ್ಟರ್ ಬಂಧದಿಂದ ಜೋಡಿಸಿದರೆ ವ್ಯಾಲಸೈಕ್ಲೋವಿರ್ ಆಗುತ್ತದೆ. ಆಗ ರಕ್ತ ಸೇರುವ ಪಾಲು ಸುಮಾರು ಶೇ 54ಕ್ಕೆ ಏರುತ್ತದೆ, ದಿನಕ್ಕೆ ಮೂರು ಸಲ 1 ಗ್ರಾಂ ಸಾಕಾಗುತ್ತದೆ. ಸಣ್ಣ ಕರುಳಿನಲ್ಲಿ ಚಿಕ್ಕ ಪೆಪ್ಟೈಡ್‌ಗಳನ್ನು (ಅಮೈನೋ ಆಮ್ಲಗಳ ಪುಟ್ಟ ಸರಪಣಿ) ಒಳಗೆ ಒಯ್ಯುವ ಪೆಪ್‌ಟಿ1 ಎಂಬ ಸಾಗಣೆ ಪ್ರೋಟೀನ್ ಇದರ ಹಿಂದಿದೆ ಎಂದು ಓದಿದ್ದೆ. ಅದನ್ನು ನನ್ನ ಕೈಯಾರೆ ಅಳೆದು ನೋಡಬೇಕೆನಿಸಿತು.

ಮಾನವ ದೊಡ್ಡ ಕರುಳಿನ ಕ್ಯಾನ್ಸರಿನಿಂದ ಪಡೆದ ಕಾಕೋ-2 ಕೋಶಗಳನ್ನು ರಂಧ್ರವುಳ್ಳ ಫಿಲ್ಟರ್ ಮೇಲೆ ಬೆಳೆಸಿದೆ. ರೂಢಿಯ 21 ದಿನಗಳಲ್ಲಿ ಅವು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ಕರುಳಿನ ಒಳಪದರದಂತಾಗುತ್ತವೆ. ವಿದ್ಯುತ್ ರೋಧ ಅಳೆದು ಪದರ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಔಷಧ ಹಾಕಿದೆ. ಮೇಲಿನ ದ್ರಾವಣದ ಪಿಎಚ್ 6.0, ಕೆಳಗಿನದು 7.4. ಪೆಪ್‌ಟಿ1 ಪ್ರೋಟಾನ್ ಜೊತೆಗೂಡಿಯೇ ಸರಕು ಸಾಗಿಸುವುದರಿಂದ ಮೇಲೆ ಪ್ರೋಟಾನ್ ಹೆಚ್ಚು, ಕೆಳಗೆ ಕಡಿಮೆ ಇರುವ ಈ ಇಳಿಜಾರನ್ನು ಇಟ್ಟೆ.

ಹೆಚ್ಚು ಎಚ್ಚರ ಬೇಡಿದ್ದು ಎಸ್ಟರ್ ಬಂಧ. ಕೋಶಗಳಿಲ್ಲದ ಬರೀ 7.4ರ ದ್ರಾವಣದಲ್ಲಿಯೂ ಅದು ಮೆಲ್ಲಗೆ ಮುರಿಯುತ್ತದೆ. ಆದ್ದರಿಂದ ಕೋಶವಿಲ್ಲದ ಬಾವಿಯೊಂದನ್ನು (ತಟ್ಟೆಯಲ್ಲಿನ ಪುಟ್ಟ ಕುಳಿ) ಹೋಲಿಕೆಗೆ ಇಟ್ಟೆ. ತೆಗೆದ ಮಾದರಿಗಳನ್ನು ಆಗಿಂದಾಗಲೇ ಆಮ್ಲೀಯಗೊಳಿಸಿ ಮಂಜುಗಡ್ಡೆಯಲ್ಲಿಟ್ಟೆ. ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ವ್ಯಾಲಸೈಕ್ಲೋವಿರ್, ಅಸೈಕ್ಲೋವಿರ್ ಎರಡನ್ನೂ ಅಳೆದು ಕೂಡಿಸಿದೆ. ಪ್ರೋಡ್ರಗ್ (ದೇಹದೊಳಗೆ ಮುರಿದು ಔಷಧವಾಗುವ ರೂಪ, ಇಲ್ಲಿ ವ್ಯಾಲಸೈಕ್ಲೋವಿರ್) ಒಂದನ್ನೇ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಒಳಹೊಕ್ಕದ್ದನ್ನು ಕೋಶದ ಕಿಣ್ವಗಳು ಕತ್ತರಿಸುತ್ತವೆ, ಕೆಳಗೆ ಇಳಿಯುವುದರಲ್ಲಿ ಅಸೈಕ್ಲೋವಿರ್ ಕೂಡ ಇರುತ್ತದೆ.

ವ್ಯಾಲಸೈಕ್ಲೋವಿರ್ ವೇಗವಾಗಿ ದಾಟಿತು. ಅಷ್ಟರಿಂದಲೇ ಸಾಗಣೆ ಪ್ರೋಟೀನಿಗೆ ಶ್ರೇಯ ಕೊಡಲಾಗದು ಎಂಬುದು ನನ್ನ ಗಟ್ಟಿ ನಿಲುವು. ಪೆಪ್‌ಟಿ1ನ ಪರಿಚಿತ ಸರಕಾದ ಗ್ಲೈಸಿಲ್‌ಸಾರ್ಕೋಸಿನ್ ಅನ್ನು ಧಾರಾಳವಾಗಿ ಸೇರಿಸಿದೆ. ವ್ಯಾಲಸೈಕ್ಲೋವಿರ್‌ನ ವೇಗ ಕುಸಿಯಿತು. ಬರೀ ಅಸೈಕ್ಲೋವಿರ್ ಹಾಕಿದ ಬಾವಿಗಳಲ್ಲಿ ಏನೂ ಬದಲಾಗಲಿಲ್ಲ. ನನ್ನನ್ನು ಒಪ್ಪಿಸಿದ್ದು ಈ ಎರಡನೆಯ ಫಲಿತಾಂಶ. ಕೋಶಗಳಿಗೆ ಪೆಟ್ಟಾಗಿ ಸಾಗಣೆ ತಗ್ಗಿದ್ದರೆ ಎರಡೂ ಏರುಪೇರಾಗಬೇಕಿತ್ತು. ಔಷಧದ ಸಾಂದ್ರತೆ ಏರಿಸುತ್ತ ಹೋದಾಗ ವೇಗ ಅದೇ ಪ್ರಮಾಣದಲ್ಲಿ ಏರದೆ ಬಾಗಿತು. ದೋಣಿಗಳೆಲ್ಲ ತುಂಬಿದ ಕಡವಿನಲ್ಲಿ ಜನ ಹೆಚ್ಚಾದರೂ ದಾಟುವವರ ಸಂಖ್ಯೆ ಹೆಚ್ಚದಂತೆ.

ವ್ಯಾಲಸೈಕ್ಲೋವಿರ್‌ನಲ್ಲಿ ಪೆಪ್ಟೈಡ್ ಬಂಧವೇ ಇಲ್ಲ; ಆದರೂ ಪೆಪ್‌ಟಿ1 ಅದನ್ನು ಒಪ್ಪಿಕೊಳ್ಳುತ್ತದೆ. ವ್ಯಾಲಿನ್‌ನ ಎಲ್ ರೂಪವನ್ನು ಬಿಟ್ಟು ಅದರ ಕನ್ನಡಿ ಪ್ರತಿಬಿಂಬದಂತಿರುವ ಡಿ ರೂಪ ಜೋಡಿಸಿದರೆ ಮಾತ್ರ ಹೀರಿಕೆ ಬಹಳ ಇಳಿಯುತ್ತದೆ. ಅಣುವಿನ ಜಿಡ್ಡುಗುಣ ಹೆಚ್ಚಿಸುವುದೊಂದೇ ಪ್ರೋಡ್ರಗ್ ವಿನ್ಯಾಸ ಎಂದುಕೊಂಡವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಜಿಡ್ಡು ಹೆಚ್ಚಿಸಿದ ಅಣುವನ್ನು ಪಿ-ಗ್ಲೈಕೋಪ್ರೋಟೀನ್ ಹಿಡಿದು ಮತ್ತೆ ಕರುಳಿಗೇ ದೂಡುವ ಅಪಾಯವೂ ಇದೆ. ವೈರಸ್ ವಿರುದ್ಧದ ಇನ್ನೊಂದು ಔಷಧ ಗ್ಯಾನ್ಸೈಕ್ಲೋವಿರ್‌ಗೂ ವ್ಯಾಲಿನ್ ಜೋಡಿಸಿಯೇ ಹೀರಿಕೆಯನ್ನು ಸುಮಾರು ಶೇ 6ರಿಂದ 60ಕ್ಕೆ ಏರಿಸಿದರು.

ಒಂದೇ ಸಾಗಣೆ ಪ್ರೋಟೀನಿಗಾಗಿ ಇಂಥ ಸ್ಪರ್ಧೆ ಕರುಳಿನ ಹೊರಗೂ ನಡೆಯುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಮಿದುಳು ಸೇರಲು ಅಮೈನೋ ಆಮ್ಲಗಳ ಸಾಗಣೆ ಪ್ರೋಟೀನನ್ನೇ ನೆಚ್ಚಿಕೊಂಡಿದೆ; ಪ್ರೋಟೀನ್ ತುಂಬಿದ ಊಟದ ಜೊತೆ ತೆಗೆದುಕೊಂಡರೆ ಕೆಲವರಲ್ಲಿ ಪರಿಣಾಮ ತಗ್ಗುತ್ತದೆ. ಕಾಕೋ-2ರಲ್ಲಿ ಪೆಪ್‌ಟಿ1ನ ಪ್ರಮಾಣ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ, ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ. ಹೊಸ ಪ್ರೋಡ್ರಗ್ ಪರೀಕ್ಷಿಸುವಾಗ ಪ್ರತಿ ತಟ್ಟೆಯಲ್ಲಿಯೂ ಗ್ಲೈಸಿಲ್‌ಸಾರ್ಕೋಸಿನ್ ಬಾವಿಗಳನ್ನು ನಾನು ಇಟ್ಟೇ ಇಡುತ್ತೇನೆ.